‘ಬೇಜಾರು’ ಒಂದೇ ಪದ, ಇಂಗ್ಲಿಷಿನಲ್ಲಿ ಏಳು: ಮನಸ್ಸು, ಸ್ವಭಾವ ಹೇಳೋದನ್ನ ಕಲಿಯುವ ಬಗೆ

ನಮ್ಮದು ಕೊಡಗಿನ ಕಕ್ಕಬ್ಬೆ ಕಡೆ. ಕಾಫಿ ತೋಟದ ಅಂಚಿನಲ್ಲೇ ಮೂರು ರೂಮಿನ ಹೋಂಸ್ಟೇ. ಶುರು ಮಾಡಿದ ಮೊದಲ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಬೆಳಗ್ಗೆ ನೂಲ್‌ಪುಟ್ಟು ತಿನ್ನುತ್ತಾ ಆ ಅಮ್ಮ ಅಡುಗೆಮನೆ ಕಡೆ ನೋಡಿ, ‘ವಾಟ್ ಈಸ್ ಯುವರ್ ಕುಕ್ ಲೈಕ್?’ ಅಂತ ಕೇಳಿದರು. ನಾನು ಥಟ್ಟಂತ ‘ಶಿ ಲೈಕ್ಸ್ ಫಿಶ್’ ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರ ಯಜಮಾನರು ನಿಧಾನವಾಗಿ ಬಿಡಿಸಿ ಹೇಳಿದರು. ಅವರು ಕೇಳಿದ್ದು ಅಡುಗೆಯ ಅಕ್ಕನಿಗೆ ಏನು ಇಷ್ಟ ಅಂತ ಅಲ್ಲ, ಅಕ್ಕ ಎಂಥವರು ಅಂತ. ಸರಿ, ಎಂಥವರು? ನಾನು ಕನ್ನಡದಲ್ಲಾದರೆ ಅರ್ಧ ಗಂಟೆ ಹೇಳುತ್ತಿದ್ದೆ. ಕೈ ಧಾರಾಳ, ಬಾಯಿ ಜೋರು, ಸಿಟ್ಟು ಮೂಗಿನ ಮೇಲೆ, ಆದರೆ ಜ್ವರ ಬಂದರೆ ರಾತ್ರಿಯೆಲ್ಲಾ ಪಕ್ಕದಲ್ಲಿ ಕೂರುವವರು. ಇಂಗ್ಲಿಷಿನಲ್ಲಿ ಬಂದದ್ದು ‘ಗುಡ್. ವೆರಿ ಗುಡ್.’ ಅಷ್ಟೇ.

ಪಿಯುಸಿ ಓದಿದ್ದೆ, ಪೇಪರ್ ಓದಿದರೆ ಅರ್ಥ ಆಗುತ್ತಿತ್ತು. ಆದರೂ ಮನಸ್ಸಿನೊಳಗಿನದ್ದು ಹೇಳೋಕೆ ಹ್ಯಾಪಿ, ಸ್ಯಾಡ್, ಆಂಗ್ರಿ, ಗುಡ್, ಬ್ಯಾಡ್ ಬಿಟ್ಟರೆ ಗತಿ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅತಿಥಿಗಳ ಜೊತೆ ಮಾತಾಡಿ, ತಪ್ಪು ಮಾಡಿ, ನಗೆಪಾಟಲಾಗಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಮೊದಲು ಬಾಯಿಗೆ ಬರಲಿ, ಸ್ಪೆಲ್ಲಿಂಗ್ ಆಮೇಲೆ ಡಿಕ್ಷನರಿಯಲ್ಲಿ ನೋಡಿಕೊಂಡರಾಯಿತು.

ಹೆಜ್ಜೆ 1: ಇವತ್ತಿನ ಮಾತಾ, ಯಾವಾಗಲೂ ಹಾಗೇನಾ?

ಮೊದಲು ಇದೊಂದನ್ನು ತಲೆಯಲ್ಲಿ ಬೇರೆ ಮಾಡಿಕೊಳ್ಳಿ. ಒಬ್ಬರಿಗೆ ಈಗ ಏನಾಗುತ್ತಿದೆ ಅನ್ನೋದು ಒಂದು, ಅವರು ಎಂಥವರು ಅನ್ನೋದು ಇನ್ನೊಂದು. ‘ಹೌ ಈಸ್ ಹಿ?’ ಅಂದರೆ ‘ಹೇಗಿದ್ದಾರೆ?’ ಅದಕ್ಕೆ ಚೆನ್ನಾಗಿದ್ದಾರೆ, ಜ್ವರ ಬಂದಿದೆ, ಇತ್ಯಾದಿ ಉತ್ತರ. ‘ವಾಟ್ ಈಸ್ ಹಿ ಲೈಕ್?’ ಅಂದರೆ ‘ಎಂಥವರು?’ ಅದಕ್ಕೆ ಸ್ವಭಾವ ಹೇಳಬೇಕು. ‘ವಾಟ್ ಡಸ್ ಹಿ ಲೈಕ್?’ ಅಂದರೆ ಮಾತ್ರ ‘ಏನು ಇಷ್ಟ?’ ಮೀನು ಇಲ್ಲಿಗೆ ಬರಬೇಕಿತ್ತು.

ಪದಗಳೂ ಹಾಗೇ ಎರಡು ಗುಂಪು. ‘ಹಿ ಈಸ್ ಆಂಗ್ರಿ’ ಅಂದರೆ ಈಗ ಸಿಟ್ಟು ಬಂದಿದೆ, ಊಟ ಆದಮೇಲೆ ಸರಿ ಹೋಗಬಹುದು. ‘ಹಿ ಈಸ್ ಶಾರ್ಟ್ ಟೆಂಪರ್ಡ್’ ಅಂದರೆ ಮುಂಗೋಪಿ, ಊಟ ಹಾಕಿದರೂ ಅಷ್ಟೇ. ‘ಶಿ ಈಸ್ ವರೀಡ್’ ಅಂದರೆ ಇವತ್ತು ಯಾವುದೋ ಚಿಂತೆ. ‘ಶಿ ಈಸ್ ಅ ವರಿಯರ್’ ಅಂದರೆ ಚಿಂತೆ ಮಾಡೋದೇ ಅವಳ ಸ್ವಭಾವ. ‘ಮೂಡಿ’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಅದು ಘಳಿಗೆಗೊಂದು ಮನಸ್ಸು ಇರುವವರಿಗೆ ಹೇಳುವ ಮಾತು. ಇವತ್ತೊಂದು ದಿನ ಮುಖ ಊದಿಸಿಕೊಂಡವರಿಗೆ ‘ಇನ್ ಅ ಬ್ಯಾಡ್ ಮೂಡ್’ ಅಂದರೆ ಸಾಕು.

ಹೆಜ್ಜೆ 2: ‘ನನಗೆ’ ಅನ್ನೋದನ್ನು ಬಿಡಿ

ನಮ್ಮ ಭಾಷೆಯಲ್ಲಿ ಸಿಟ್ಟು, ಅಳು, ಭಯ, ಬೇಜಾರು ಎಲ್ಲಾ ನೆಂಟರ ಹಾಗೆ ಹೊರಗಿನಿಂದ ಬರುತ್ತವೆ. ನನಗೆ ಸಿಟ್ಟು ಬಂತು. ಅವಳಿಗೆ ಭಯ ಆಯಿತು. ಅವನಿಗೆ ಹೊಟ್ಟೆಕಿಚ್ಚು. ಬಂದದ್ದು ಸಿಟ್ಟು, ನಾವು ಸುಮ್ನೆ ಬಾಗಿಲು ತೆಗೆದವರು. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ನಾನೇ ಕರ್ತೃ: ‘ಐ ಆಮ್ ಆಂಗ್ರಿ.’ ಇದು ತಲೆಗೆ ಹೋಗದೆ ‘ಟು ಮಿ ಆಂಗರ್ ಕೇಮ್’, ‘ಐ ಆಮ್ ಟೆನ್ಷನ್’, ‘ಹಿ ಈಸ್ ಜೆಲಸಿ’ ಅಂತೆಲ್ಲಾ ನಾವು ಹೇಳೋದು.

‘ಬಂತು’, ‘ಆಯಿತು’ ಅನ್ನೋ ಜಾಗದಲ್ಲಿ ‘ಗಾಟ್’ ಹಾಕಿ: ‘ಐ ಗಾಟ್ ಆಂಗ್ರಿ’, ‘ಶಿ ಗಾಟ್ ಸ್ಕೇರ್ಡ್’. ‘ಇದೆ’, ‘ಆಗಿದೆ’ ಅನ್ನೋ ಜಾಗದಲ್ಲಿ ‘ಆಮ್’, ‘ಈಸ್’, ‘ಆರ್’. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧ ಪದದ ರೂಪದ್ದು. ಸಿಟ್ಟು ‘ಆಂಗರ್’, ಸಿಟ್ಟಾದವನು ‘ಆಂಗ್ರಿ’. ಹೊಟ್ಟೆಕಿಚ್ಚು ‘ಜೆಲಸಿ’, ಹೊಟ್ಟೆಕಿಚ್ಚಿನವನು ‘ಜೆಲಸ್’. ಧೈರ್ಯ ‘ಕರೇಜ್’, ಧೈರ್ಯವಂತ ‘ಕರೇಜಿಯಸ್’, ಅದಕ್ಕಿಂತ ಸುಲಭವಾಗಿ ‘ಬ್ರೇವ್’. ಪ್ರಾಮಾಣಿಕತೆ ‘ಆನೆಸ್ಟಿ’, ಪ್ರಾಮಾಣಿಕ ‘ಆನೆಸ್ಟ್’. ತಾಳ್ಮೆ ‘ಪೇಷನ್ಸ್’, ತಾಳ್ಮೆ ಇರುವವರು ‘ಪೇಷಂಟ್’. ಹೌದು, ಆಸ್ಪತ್ರೆಯ ಪೇಷಂಟೇ. ಒಂದೇ ಪದ, ಎರಡು ಕೆಲಸ. ‘ಅ’ ಸೇರಿಸಿ ‘ಐ ಆಮ್ ಅ ಪೇಷಂಟ್’ ಅಂದರೆ ರೋಗಿ, ‘ಅ’ ಬಿಟ್ಟು ‘ಐ ಆಮ್ ಪೇಷಂಟ್’ ಅಂದರೆ ತಾಳ್ಮೆಯವರು. ನೋಟ್‌ಬುಕ್ಕಿನಲ್ಲಿ ಯಾವ ಪದ ಬರೆದರೂ ಅದರ ಜೋಡಿಯನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ಹೆಜ್ಜೆ 3: ನಮ್ಮ ಪದವನ್ನು ಮೊದಲು ಒಡೆಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪಟ್ಟಿ ಹಿಡಿದು ಇನ್ನೂರು ಇಂಗ್ಲಿಷ್ ಪದ ಬಾಯಿಪಾಠ ಮಾಡಿದವರನ್ನು ನೋಡಿದ್ದೇನೆ, ಮಾತಾಡೋಕೆ ಹೋದಾಗ ಒಂದೂ ಬರುವುದಿಲ್ಲ. ಯಾಕೆ ಅಂದರೆ ಬಾಯಿಗೆ ಮೊದಲು ಬರೋದು ಕನ್ನಡ. ಆ ಕನ್ನಡ ಪದವೇ ಐದಾರು ಅರ್ಥ ಹೊತ್ತುಕೊಂಡು ಕೂತಿದ್ದರೆ ಅದಕ್ಕೆ ಯಾವ ಇಂಗ್ಲಿಷ್ ಪದ ಹಾಕೋದು?

‘ಬೇಜಾರು’ ತೆಗೆದುಕೊಳ್ಳಿ. ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕ ಇಲ್ಲ.

ಜುಲೈ ತಿಂಗಳು, ನಾಲ್ಕು ದಿನದಿಂದ ಬಿಡದೆ ಮಳೆ, ಕರೆಂಟ್ ಇಲ್ಲ, ಮಾಡೋಕೆ ಏನೂ ಕೆಲಸ ಇಲ್ಲ, ಬೇಜಾರು. ಇದು ‘ಬೋರ್ಡ್’. ಕರೆಂಟ್ ಹೋಗಿ ಎಂಟನೇ ದಿನ, ಲೈನ್‌ಮ್ಯಾನಿಗೆ ಫೋನ್ ಮಾಡಿ ಮಾಡಿ ಸಾಕಾಗಿ ಹೋಗಿದೆ, ಬೇಜಾರು. ಇದು ‘ಫೆಡ್ ಅಪ್’. ಸಾಕಪ್ಪಾ ಸಾಕು ಅನ್ನುವ ಮಟ್ಟ. ತಂಗಿ ಮದುವೆಗೆ ಕರೆದರೂ ಚಿಕ್ಕಪ್ಪ ಬರಲಿಲ್ಲ, ಬೇಜಾರು. ಇದು ‘ಹರ್ಟ್’, ಮನಸ್ಸಿಗೆ ನೋವಾಗಿದೆ. ಈ ಸಲ ಪುತ್ತರಿ ಹಬ್ಬಕ್ಕೆ ರಜೆ ಸಿಗುತ್ತದೆ ಅಂತ ಕಾದಿದ್ದೆ, ಸಿಗಲಿಲ್ಲ, ಬೇಜಾರು. ಇದು ‘ಡಿಸಪಾಯಿಂಟೆಡ್’. ಬೆಂಗಳೂರಲ್ಲಿ ಕೆಲಸ, ಶನಿವಾರ ಸಂಜೆ ರೂಮಲ್ಲಿ ಒಬ್ಬನೇ, ಮನೆ ನೆನಪಾಗಿ ಬೇಜಾರು. ಇದು ‘ಹೋಮ್‌ಸಿಕ್’. ಮನೆಯಲ್ಲಿ ಜಗಳ ಆಗಿದೆ, ಯಾರ ಹತ್ತಿರವೂ ಮಾತು ಬೇಡ, ಬೇಜಾರು. ಇದು ‘ಅಪ್‌ಸೆಟ್’. ಅತಿಥಿಗೆ ರೂಮ್ ಇಲ್ಲ ಅಂತ ಹೇಳಬೇಕು, ‘ಬೇಜಾರು ಮಾಡ್ಕೋಬೇಡಿ’ ಅಂತೀವಲ್ಲ, ಅಲ್ಲಿ ನಿಜವಾಗಿ ಹೇಳುತ್ತಿರೋದು ‘ಸಾರಿ’. ‘ಐ ಆಮ್ ರಿಯಲಿ ಸಾರಿ, ಬಟ್ ವಿ ಆರ್ ಫುಲ್’ ಅಂದರೆ ಮುಗಿಯಿತು. ‘ಡೋಂಟ್ ಫೀಲ್ ಬೋರ್’ ಅಂತ ನಾನು ಒಮ್ಮೆ ಹೇಳಿದ್ದೇನೆ, ಪಾಪ, ಆ ಮನುಷ್ಯನಿಗೆ ತಲೆಬುಡ ಅರ್ಥ ಆಗಲಿಲ್ಲ.

‘ನಾಚಿಕೆ’ಯೂ ಹೀಗೇ. ಹೊಸಬರು ಬಂದರೆ ಅಮ್ಮನ ಸೀರೆ ಹಿಂದೆ ಅಡಗುವ ಮಗು ‘ಶೈ’. ಮದುವೆ ಮನೆಯಲ್ಲಿ ಎಲ್ಲರೆದುರು ಜಾರಿ ಬಿದ್ದು ಎದ್ದವನು ‘ಎಂಬ್ಯಾರಸ್ಡ್’. ಅಜ್ಜಿಯ ಸಂದೂಕದಿಂದ ದುಡ್ಡು ಕದ್ದು ಆಮೇಲೆ ಅವರ ಮುಖ ನೋಡೋಕೆ ಆಗದವನು ‘ಅಶೇಮ್ಡ್’. ಬಿದ್ದವನು ತಪ್ಪು ಮಾಡಿಲ್ಲ, ಕದ್ದವನು ಮಾಡಿದ್ದಾನೆ, ಅಲ್ಲೇ ಇರೋದು ವ್ಯತ್ಯಾಸ. ‘ಸಂಕೋಚ’ ಇನ್ನೂ ಸೂಕ್ಷ್ಮ. ಊಟಕ್ಕೆ ಕೂತವರಿಗೆ ‘ಸಂಕೋಚ ಮಾಡ್ಕೋಬೇಡಿ, ಹಾಕಿಸ್ಕೊಳ್ಳಿ’ ಅಂತೀವಿ. ಅದನ್ನು ‘ಡೋಂಟ್ ಬಿ ಶೈ’ ಅಂದರೆ ನಡೆಯುತ್ತದೆ, ‘ಪ್ಲೀಸ್, ಹೆಲ್ಪ್ ಯುವರ್‌ಸೆಲ್ಫ್’ ಅಂದರೆ ಇನ್ನೂ ಚೆನ್ನ.

‘ಮುನಿಸು’ ಅನ್ನೋದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಸರಿಯಾದ ಜೋಡಿ ನನಗೆ ಸಿಕ್ಕಿಲ್ಲ. ‘ಸಲ್ಕಿಂಗ್’ ಅಂದರೆ ಮೂತಿ ಊದಿಸಿಕೊಂಡು ಕೂರೋದು, ಅದರಲ್ಲಿ ಪ್ರೀತಿ ಇಲ್ಲ. ಗಂಡ ಬಂದು ಸಮಾಧಾನ ಮಾಡಲಿ ಅಂತ ಕಾಯುವ ಆ ಸಿಟ್ಟಿಗೆ ಅಲ್ಲಿ ಎರಡು ವಾಕ್ಯವೇ ಬೇಕು.

ಈಗ ನೀವೇ ‘ಸಮಾಧಾನ’, ‘ಗಾಬರಿ’, ‘ಜಂಬ’ ಮೂರನ್ನೂ ಹೀಗೆ ಒಡೆದು ನೋಡಿ. ಪ್ರತಿ ಅರ್ಥಕ್ಕೂ ನಿಮ್ಮ ಮನೆಯಲ್ಲೇ ನಡೆದ ಒಂದು ಘಟನೆ ಬರೆಯಿರಿ, ಆಮೇಲೆ ಪದ ಹುಡುಕಿ.

ಹೆಜ್ಜೆ 4: ‘ಎಡ್’ ನನಗೆ, ‘ಇಂಗ್’ ಅದಕ್ಕೆ

‘ಐ ಆಮ್ ಬೋರಿಂಗ್’ ಅಂದರೆ ನನ್ನ ಜೊತೆ ಕೂತರೆ ನಿಮಗೆ ಬೋರ್ ಆಗುತ್ತದೆ ಅಂತ ನಾನೇ ಒಪ್ಪಿಕೊಂಡ ಹಾಗೆ. ‘ಐ ಆಮ್ ಬೋರ್ಡ್’ ಅಂದರೆ ನನಗೆ ಬೋರ್ ಆಗಿದೆ. ಅನುಭವಿಸುವವರಿಗೆ ‘ಎಡ್’, ಆ ಅನುಭವ ಕೊಡುವುದಕ್ಕೆ ‘ಇಂಗ್’. ದಾರಿ ‘ಟಯರಿಂಗ್’, ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದ ನಾನು ‘ಟಯರ್ಡ್’. ಬೋರ್ಡು ನೋಡಿದರೆ ರಸ್ತೆ ‘ಕನ್ಫ್ಯೂಸಿಂಗ್’, ಡ್ರೈವರ್ ‘ಕನ್ಫ್ಯೂಸ್ಡ್’. ಬುಕ್ಕಿಂಗ್ ಮಾಡಿದವರಿಗೆ ‘ವಿ ಆರ್ ವೆರಿ ಎಕ್ಸೈಟಿಂಗ್ ಟು ಮೀಟ್ ಯು’ ಅಂತ ನಾನೇ ಮೆಸೇಜ್ ಹಾಕಿದ್ದೆ. ನಾವು ಬಹಳ ರೋಮಾಂಚಕಾರಿ ಜನ, ಬಂದು ನೋಡಿ ಅಂದ ಹಾಗಾಯಿತು! ‘ಎಕ್ಸೈಟೆಡ್’ ಆಗಬೇಕಿತ್ತು.

ಕೊನೆಯ ‘ಎಡ್’ ಉಚ್ಚಾರಣೆಯೂ ಒಂದೇ ಥರ ಅಲ್ಲ. ಅದರ ಹಿಂದೆ ಟ ಅಥವಾ ಡ ಸದ್ದು ಇದ್ದರೆ ಮಾತ್ರ ‘ಇಡ್’ ಅಂತ ಪೂರ್ತಿ ಕೇಳಬೇಕು: ಎಕ್ಸೈಟಿಡ್, ಡಿಲೈಟಿಡ್, ಡಿಸಪಾಯಿಂಟಿಡ್. ಸ, ಶ, ಕ, ಪ ಥರದ ಸದ್ದಿನ ಮೇಲೆ ಸಣ್ಣ ‘ಟ್’: ಶಾಕ್ಟ್, ಸ್ಟ್ರೆಸ್ಟ್, ಎಂಬ್ಯಾರಸ್ಟ್. ಉಳಿದ ಕಡೆ ಸಣ್ಣ ‘ಡ್’: ಬೋರ್ಡ್, ವರೀಡ್, ಟಯರ್ಡ್. ‘ಶಾಕೆಡ್’, ‘ಸ್ಟ್ರೆಸ್ಸೆಡ್’ ಅಂತ ಎಳೆಯಬೇಡಿ.

ಹೆಜ್ಜೆ 5: ಆರು ಗೂಡು, ಗೂಡಿಗೆ ಮೂರು ಪದ

ಭರತನ ನಾಟ್ಯಶಾಸ್ತ್ರ ಎಂಟು ರಸ ಹೇಳಿತು, ಶಾಂತ ಆಮೇಲೆ ಸೇರಿ ಒಂಬತ್ತಾಯಿತು. ಅಮೆರಿಕದ ಪಾಲ್ ಎಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಪಪುವಾ ನ್ಯೂ ಗಿನಿಯ ಕಾಡಿನ ಜನರಿಗೆ ಫೋಟೋ ತೋರಿಸಿ, ಮುಖ ನೋಡಿ ಯಾವ ಭಾವ ಗುರುತಿಸುತ್ತಾರೆ ಅಂತ ಪರೀಕ್ಷೆ ಮಾಡಿದ. ಅವನು ಮೂಲ ಭಾವ ಅಂತ ಹೆಸರಿಸಿದ್ದು ಆರು: ಖುಷಿ, ದುಃಖ, ಸಿಟ್ಟು, ಭಯ, ಅಸಹ್ಯ, ಅಚ್ಚರಿ. ಆರೂ ನಮ್ಮ ನವರಸದಲ್ಲಿ ಇವೆ ನೋಡಿ! ಅದಕ್ಕೇ ನಾನು ಆ ಆರನ್ನೇ ನೋಟ್‌ಬುಕ್ಕಿನ ಗೂಡು ಮಾಡಿಕೊಂಡೆ. ಒಂದೊಂದಕ್ಕೆ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರೇ ಪದ. ಜಾಸ್ತಿ ತುರುಕಬೇಡಿ.

ಸಿಟ್ಟು: ಅನಾಯ್ಡ್, ಆಂಗ್ರಿ, ಫ್ಯೂರಿಯಸ್
ಭಯ: ನರ್ವಸ್, ಸ್ಕೇರ್ಡ್, ಟೆರಿಫೈಡ್
ಖುಷಿ: ಪ್ಲೀಸ್ಡ್, ಹ್ಯಾಪಿ, ಥ್ರಿಲ್ಡ್
ದುಃಖ: ಡೌನ್, ಸ್ಯಾಡ್, ಹಾರ್ಟ್‌ಬ್ರೋಕನ್
ಅಚ್ಚರಿ: ಸರ್ಪ್ರೈಸ್ಡ್, ಅಮೇಜ್ಡ್, ಸ್ಟನ್ಡ್
ಅಸಹ್ಯ: ಪುಟ್ ಆಫ್, ಡಿಸ್ಗಸ್ಟೆಡ್, ರಿವೋಲ್ಟೆಡ್

ಕೊನೆಯ ಗೂಡಿನ ಪದಗಳು ಮಳೆಗಾಲದಲ್ಲಿ ಕಾಲ್ಚೀಲ ಬಿಚ್ಚಿ ಜಿಗಣೆ ನೋಡಿದ ಬೆಂಗಳೂರಿನವರ ಬಾಯಲ್ಲಿ ಕೇಳಿ ಕಲಿತದ್ದು.

ದೊಡ್ಡ ಪದಗಳ ಹಿಂದೆ ‘ವೆರಿ’ ಹಾಕುವಂತಿಲ್ಲ. ‘ವೆರಿ ಆಂಗ್ರಿ’ ಸರಿ, ‘ವೆರಿ ಫ್ಯೂರಿಯಸ್’ ಸರಿ ಹೋಗದು. ನಾವು ‘ಕೆಂಡಾಮಂಡಲ ಆದ’ ಅಂತೀವಿ, ‘ಸ್ವಲ್ಪ ಕೆಂಡಾಮಂಡಲ ಆದ’, ‘ತುಂಬಾ ಕೆಂಡಾಮಂಡಲ ಆದ’ ಅಂತ ಹೇಳುತ್ತೇವಾ? ಅದೇ ಲೆಕ್ಕ. ಒತ್ತಿ ಹೇಳಲೇಬೇಕು ಅಂದರೆ ‘ಅಬ್ಸೊಲ್ಯೂಟ್ಲಿ ಫ್ಯೂರಿಯಸ್’.

ಅಳತೆ ಕೈಗೆ ಸಿಗಬೇಕಾದರೆ ಹೂಮಳೆಯನ್ನು, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆಯನ್ನು ನೆನಪಿಸಿಕೊಳ್ಳಿ, ತೋಟ ಇರುವವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಫೆಬ್ರವರಿ ಕೊನೆ. ರೋಬಸ್ಟಾ ಗಿಡದಲ್ಲಿ ಮೊಗ್ಗು ನಿಂತಿದೆ. ಒಂದು ಮೋಡ ಕಂಡರೆ ನಾವು ‘ಹೋಪ್‌ಫುಲ್’. ಮಾರ್ಚ್ ಮೊದಲ ವಾರ ದಾಟಿತು, ‘ವರೀಡ್’. ಇನ್ನೊಂದು ವಾರ ಹೋಯಿತು, ರಾತ್ರಿ ನಿದ್ದೆ ಬರುವುದಿಲ್ಲ, ಫೋನಿನಲ್ಲಿ ಹವಾಮಾನ ನೋಡೋದೇ ಕೆಲಸ, ‘ಆಂಕ್ಷಸ್’. ಕೆರೆಯಲ್ಲಿ ನೀರು ತಳ ಕಂಡಿದೆ, ಸ್ಪ್ರಿಂಕ್ಲರ್ ಬಾಡಿಗೆಗೆ ಯಾರ ಕಾಲಾದರೂ ಹಿಡಿಯೋಣ ಅನ್ನಿಸಿದಾಗ ‘ಡೆಸ್ಪರೇಟ್’. ಒಂದು ಸಂಜೆ ಗುಡುಗಿ ಹೆಂಚಿನ ಮೇಲೆ ಪಟಪಟ ಶುರುವಾಯಿತು. ಆಗ ಆಗುವುದು ‘ಹ್ಯಾಪಿ’ ಅಲ್ಲ, ‘ರಿಲೀವ್ಡ್’. ಎದೆ ಮೇಲಿನ ಕಲ್ಲು ಇಳಿಯಿತಲ್ಲ, ಅದು. ಬೆಳಗ್ಗೆ ಮಳೆಮಾಪಕ ನೋಡಿದರೆ ಪಕ್ಕದ ತೋಟಕ್ಕೆ ಒಂದೂವರೆ ಇಂಚು, ನಮಗೆ ಬರೀ 30 ಸೆಂಟ್, ಅಂದರೆ ಇಂಚಿನ ನೂರು ಪಾಲಿನಲ್ಲಿ ಮೂವತ್ತು. ಈಗ ನಾವು ‘ಎನ್ವಿಯಸ್’. ಬೇರೆಯವರ ಹತ್ತಿರ ಇರುವುದು ನಮಗಿಲ್ಲ ಅನ್ನುವ ಸಂಕಟ ‘ಎನ್ವಿ’, ನಮ್ಮದು ಎಲ್ಲಿ ಕೈಬಿಟ್ಟು ಹೋಗುತ್ತದೋ ಅನ್ನುವ ಸಂಕಟ ‘ಜೆಲಸಿ’. ದಿನದ ಮಾತಲ್ಲಿ ಇಂಗ್ಲಿಷಿನವರೂ ಎರಡಕ್ಕೂ ‘ಜೆಲಸ್’ ಅಂದುಬಿಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಮಾರನೇ ದಿನ ನಮಗೂ ಒಂದು ಇಂಚು ಬಿದ್ದು, ವಾರ ಹತ್ತು ದಿನದಲ್ಲಿ ತೋಟವೆಲ್ಲಾ ಬೆಳ್ಳಗೆ ಹೂ ಬಿಟ್ಟು ಮಲ್ಲಿಗೆಯಂಥ ವಾಸನೆ ಮನೆಯೊಳಗೆ ಬಂದರೆ ‘ಓವರ್‌ಜಾಯ್ಡ್’.

ಒಂದು ಎಚ್ಚರ. ಸುಮ್ನೆ ಮನಸ್ಸು ಸರಿ ಇಲ್ಲದ್ದಕ್ಕೆ ‘ಡಿಪ್ರೆಸ್ಡ್’ ಅನ್ನೋದು ಈಗ ಚಾಳಿಯಾಗಿದೆ. ಡಿಪ್ರೆಷನ್ ಅನ್ನೋದು ಡಾಕ್ಟರ ಹತ್ತಿರ ಹೋಗಬೇಕಾದ ಕಾಯಿಲೆ. ಒಂದು ದಿನದ ಮಂಕಿಗೆ ‘ಐ ಆಮ್ ಫೀಲಿಂಗ್ ಡೌನ್’ ಸಾಕು.

ಹೆಜ್ಜೆ 6: ಪದದ ಬಾಲವನ್ನೂ ಕಲಿಯಿರಿ

ಇದಕ್ಕೆ ನಿಯಮ ಹುಡುಕಬೇಡಿ, ಬಾಯಿಪಾಠವೇ ದಾರಿ. ಮನುಷ್ಯರ ಮೇಲೆ ಸಿಟ್ಟಾದರೆ ‘ಆಂಗ್ರಿ ವಿತ್’, ವಿಷಯದ ಬಗ್ಗೆ ‘ಆಂಗ್ರಿ ಅಬೌಟ್’. ಭಯ ‘ಅಫ್ರೇಡ್ ಆಫ್’, ಸಾಕಾದದ್ದು ‘ಟಯರ್ಡ್ ಆಫ್’, ಹೊಟ್ಟೆಕಿಚ್ಚು ‘ಜೆಲಸ್ ಆಫ್’, ಅಕ್ಕರೆ ‘ಫಾಂಡ್ ಆಫ್’, ಚಿಂತೆ ‘ವರೀಡ್ ಅಬೌಟ್’, ಬೋರ್ ‘ಬೋರ್ಡ್ ವಿತ್’.

‘ಪ್ರೌಡ್’ಗೆ ಬಾಲ ಇಲ್ಲದಿದ್ದರೆ ಅರ್ಥವೇ ತಿರುಗಬಹುದು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ನಮ್ಮ ಕಡೆಯವರು ಗೋಲು ಹೊಡೆದಾಗ ‘ಐ ಆಮ್ ಪ್ರೌಡ್ ಆಫ್ ದೆಮ್’ ಅಂದರೆ ಹೆಮ್ಮೆ. ಸುಮ್ನೆ ‘ಹಿ ಈಸ್ ಪ್ರೌಡ್’ ಅಂತ ನಿಲ್ಲಿಸಿದರೆ ಎಷ್ಟೋ ಸಲ ಅದು ಜಂಬದವನು ಅಂತ ಕೇಳಿಸುತ್ತದೆ.

ಹೆಜ್ಜೆ 7: ಒಂದೇ ಗುಣ, ಹೊಗಳಿಕೆಗೊಂದು ಹೆಸರು, ಬೈಗುಳಕ್ಕೊಂದು ಹೆಸರು

ಸ್ವಭಾವದ ಪದಗಳಲ್ಲಿ ಹೇಳುವವರ ಅಭಿಪ್ರಾಯವೂ ಸೇರಿಕೊಂಡಿರುತ್ತದೆ. ನಮ್ಮ ಮಗು ಹಠ ಹಿಡಿದು ಓದಿದರೆ ‘ಡಿಟರ್ಮಿನ್ಡ್’, ಪಕ್ಕದ ಮನೆ ಮಗು ಹಠ ಹಿಡಿದು ಅತ್ತರೆ ‘ಸ್ಟಬರ್ನ್’. ನೋಡಿ ಖರ್ಚು ಮಾಡುವ ಅಜ್ಜ ‘ಥ್ರಿಫ್ಟಿ’, ಕಾಫಿ ಕೊಯ್ಯುವವರಿಗೆ ಕೂಲಿ ಕೊಡೋಕೆ ಕೈ ನಡುಗುವ ಜಿಪುಣ ‘ಸ್ಟಿಂಜಿ’. ಕೇಳಿ ತಿಳಿದುಕೊಳ್ಳುವವರು ‘ಕ್ಯೂರಿಯಸ್’. ಬಸ್ಸಲ್ಲಿ ಪಕ್ಕ ಕೂತು ಸಂಬಳ ಎಷ್ಟು, ಮದುವೆ ಆಗಿದೆಯಾ, ಮಕ್ಕಳು ಯಾಕಿಲ್ಲ ಅನ್ನುವವರು ‘ನೋಸಿ’. ಹೇಳಬೇಕಾದದ್ದನ್ನು ಹೆದರದೆ ಹೇಳುವವರು ‘ಅಸರ್ಟಿವ್’, ಎಲ್ಲರ ಮೇಲೂ ದರ್ಬಾರು ಮಾಡುವವರು ‘ಬಾಸಿ’. ಮಗುವಿನಂಥ ಮನಸ್ಸು ‘ಚೈಲ್ಡ್‌ಲೈಕ್’, ನಲವತ್ತು ವರ್ಷವಾದರೂ ಮಕ್ಕಳಾಟ ಬಿಡದಿದ್ದರೆ ‘ಚೈಲ್ಡಿಶ್’. ‘ಸೆನ್ಸಿಬಲ್’ ಅಂದರೆ ತಿಳುವಳಿಕಸ್ಥ, ‘ಸೆನ್ಸಿಟಿವ್’ ಅಂದರೆ ಸಣ್ಣ ಮಾತೂ ಮನಸ್ಸಿಗೆ ತಾಗುವವರು. ಇವೆರಡನ್ನು ಅದಲು ಬದಲು ಮಾಡದವರನ್ನು ನಾನು ಕಂಡಿಲ್ಲ, ನಾನೂ ಸೇರಿ.

ಕೆಟ್ಟದ್ದು ಹೇಳಲೇಬೇಕಾದಾಗ ಇಂಗ್ಲಿಷಿನವರು ನೇರ ಹೇಳುವುದು ಕಡಿಮೆ. ‘ಹಿ ಈಸ್ ರೂಡ್’ ಅನ್ನೋ ಬದಲು ‘ಹಿ ಕ್ಯಾನ್ ಬಿ ಅ ಬಿಟ್ ರೂಡ್ ಸಮ್‌ಟೈಮ್ಸ್’. ‘ಶಿ ಈಸ್ ಆಲ್ವೇಸ್ ಲೇಟ್’ ಅನ್ನೋ ಬದಲು ‘ಶಿ ಟೆಂಡ್ಸ್ ಟು ಬಿ ಲೇಟ್’. ನಾವು ‘ಅವರು ಸ್ವಲ್ಪ ಹಾಗೇ’ ಅಂತ ಕೈ ಆಡಿಸಿ ಬಿಡುತ್ತೇವಲ್ಲ, ಸುಮಾರಾಗಿ ಅದೇ ಉಪಾಯ.

ಹೆಜ್ಜೆ 8: ನಾವು ಸಾಕಿದ ಇಂಗ್ಲಿಷ್ ಪದಗಳ ಬಗ್ಗೆ ಹುಷಾರು

ಕನ್ನಡಕ್ಕೆ ಬಂದು ಇಲ್ಲೇ ಉಂಡು ಬೆಳೆದ ಇಂಗ್ಲಿಷ್ ಪದಗಳು ವಾಪಸ್ ತವರಿಗೆ ಹೋದರೆ ಗುರುತೇ ಸಿಗುವುದಿಲ್ಲ. ನನಗೆ ಇದರ ಪಾಠ ಕಲಿಸಿದ್ದು ‘ಹೋಮ್ಲಿ’. ಅಮೆರಿಕದಿಂದ ಬಂದ ಒಬ್ಬ ಹೆಂಗಸು ಮೂರು ದಿನ ನಮ್ಮ ಮನೆಯವರ ಹಾಗೆ ಇದ್ದರು. ಅಡುಗೆಮನೆಗೆ ಬಂದು ಕಡಂಬುಟ್ಟು ಉಂಡೆ ಕಟ್ಟೋದು ಕಲಿತರು, ಅಜ್ಜಿಯ ಜೊತೆ ಕೂತು ಅಡಿಕೆ ಕತ್ತರಿಸಿದರು. ಹೊರಡುವಾಗ ನಾನು ತುಂಬಾ ಪ್ರೀತಿಯಿಂದ ‘ಯು ಆರ್ ವೆರಿ ಹೋಮ್ಲಿ’ ಅಂದೆ. ಅವರ ನಗು ಅರ್ಧಕ್ಕೆ ನಿಂತಿತು. ಕಾರಿನ ಬಾಗಿಲ ಮೇಲೆ ಕೈ ಇಟ್ಟವರು ಹಾಗೇ ನಿಂತರು, ಆಮೇಲೆ ನನ್ನ ಮುಖ ನೋಡಿ ಇವರು ಅದನ್ನು ಹೇಳುತ್ತಿಲ್ಲ ಅಂತ ಅವರಿಗೇ ಅರ್ಥ ಆಗಿರಬೇಕು, ಜೋರಾಗಿ ನಕ್ಕುಬಿಟ್ಟರು. ಅಮೆರಿಕದಲ್ಲಿ ಮನುಷ್ಯರಿಗೆ ‘ಹೋಮ್ಲಿ’ ಅಂದರೆ ನೋಡೋಕೆ ಚೆನ್ನಾಗಿಲ್ಲ ಅಂತ ಅರ್ಥವಂತೆ! ನಮ್ಮಲ್ಲಿ ವಧು ವರರ ಜಾಹೀರಾತಿನಲ್ಲೆಲ್ಲಾ ಅದೇ ಪದ. ‘ಯು ಫೆಲ್ಟ್ ಲೈಕ್ ಫ್ಯಾಮಿಲಿ’ ಅನ್ನಬೇಕಿತ್ತು. ಊಟಕ್ಕೆ ‘ಹೋಮ್ ಕುಕ್ಡ್ ಫುಡ್’ ಅಂತ ಬೋರ್ಡ್ ಬದಲಿಸಿದೆ.

ಇಂಥವು ಇನ್ನೂ ಇವೆ. ‘ಅಡ್ಜಸ್ಟೆಬಲ್’ ಅನ್ನೋದು ಕುರ್ಚಿಗೆ, ಫ್ಯಾನಿಗೆ. ಹೊಂದಿಕೊಂಡು ಹೋಗುವ ಮನುಷ್ಯರಿಗೆ ‘ಈಸಿ ಗೋಯಿಂಗ್’ ಅಥವಾ ‘ಅಡಾಪ್ಟಬಲ್’. ‘ಮೂಡ್ ಔಟ್’ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ‘ಅವನು ಫೀಲ್ ಆದ’ ಅನ್ನೋದನ್ನು ‘ಹಿ ಫೆಲ್ಟ್’ ಅಂತ ನಿಲ್ಲಿಸಿದರೆ ‘ಏನು ಫೆಲ್ಟ್?’ ಅಂತ ಕಾಯುತ್ತಾರೆ, ‘ಹಿ ಫೆಲ್ಟ್ ಹರ್ಟ್’ ಅನ್ನಿ. ‘ಸಿಂಪಲ್ ಮನುಷ್ಯ’ ಅನ್ನೋದು ನಮ್ಮಲ್ಲಿ ದೊಡ್ಡ ಹೊಗಳಿಕೆ, ಅಲ್ಲಿ ಸ್ವಲ್ಪ ದಡ್ಡ ಅಂತಲೂ ಕೇಳಿಸಬಹುದು, ‘ಡೌನ್ ಟು ಅರ್ತ್’ ಅಂದರೆ ಕ್ಷೇಮ. ‘ಅವರು ಸೀರಿಯಸ್’ ಅಂದರೆ ನಾವು ಆಸ್ಪತ್ರೆಗೆ ಓಡುತ್ತೇವೆ, ಅವರಿಗೆ ಅದು ‘ತಮಾಷೆ ಮಾಡುತ್ತಿಲ್ಲ’ ಅಥವಾ ‘ಗಂಭೀರ ಸ್ವಭಾವದವರು’ ಅಂತ.

ಹೆಜ್ಜೆ 9: ಗುಣ ಹೇಳಿದ ಮೇಲೆ ಒಂದು ಘಟನೆ ಹೇಳಿ

ಪರಿಚಯದ ಹುಡುಗಿಯೊಬ್ಬಳು ಮಡಿಕೇರಿ ಹತ್ತಿರ ಒಂದು ರೆಸಾರ್ಟಿಗೆ ಇಂಟರ್ವ್ಯೂಗೆ ಹೋಗುವ ಮುಂಚೆ ನನ್ನ ಹತ್ತಿರ ಅಭ್ಯಾಸಕ್ಕೆ ಬಂದಳು. ನಿನ್ನ ಗುಣ ಹೇಳು ಅಂದರೆ ‘ಐ ಆಮ್ ಹಾರ್ಡ್‌ವರ್ಕಿಂಗ್, ಆನೆಸ್ಟ್, ಪಂಕ್ಚುವಲ್, ಸಿನ್ಸಿಯರ್’ ಅಂತ ಒಂದೇ ಉಸಿರಲ್ಲಿ ಒದರಿದಳು. ಜೊತೆಗೆ ‘ಐ ವರ್ಕ್ ಹಾರ್ಡ್ಲಿ’. ‘ಹಾರ್ಡ್ಲಿ’ ಅಂದರೆ ಕೆಲಸವೇ ಮಾಡಲ್ಲ ಅಂತಾಗುತ್ತದೆ ಮಾರಾಯ್ತಿ, ‘ಐ ವರ್ಕ್ ಹಾರ್ಡ್’ ಅನ್ನು ಅಂದೆ.

ಆಮೇಲೆ ಆ ನಾಲ್ಕೂ ಗುಣ ಕೈಬಿಟ್ಟೆವು. ಬೇರೆ ಒಂದೇ ಗುಣ ಆರಿಸಿಕೊಂಡು ಅದಕ್ಕೊಂದು ಘಟನೆ ಕಟ್ಟಿದೆವು. ‘ಐ ಸ್ಟೇ ಕಾಮ್ ಅಂಡರ್ ಪ್ರೆಷರ್. ಲಾಸ್ಟ್ ಮೇ, ಫಾರ್ಟಿ ಗೆಸ್ಟ್ಸ್ ಕೇಮ್ ಫಾರ್ ಲಂಚ್ ಅಂಡ್ ದ ಪವರ್ ವೆಂಟ್ ಔಟ್. ಐ ಗಾಟ್ ನರ್ವಸ್ ಫಾರ್ ಅ ಮಿನಿಟ್, ದೆನ್ ಐ ಸ್ಟಾರ್ಟೆಡ್ ದ ವುಡ್ ಫೈರ್.’ ಮೂರೇ ವಾಕ್ಯ. ಹೆದರಿಕೆ ಆಯಿತು ಅಂತ ಒಪ್ಪಿಕೊಂಡದ್ದೇ ಅದರಲ್ಲಿ ಚೆನ್ನಾಗಿರೋದು, ಅಲ್ವಾ? ದೌರ್ಬಲ್ಯ ಕೇಳಿದರೆ ‘ಐ ಆಮ್ ಅ ಪರ್ಫೆಕ್ಷನಿಸ್ಟ್’ ಅನ್ನಬೇಡಿ, ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ. ‘ಐ ಯೂಸ್ಡ್ ಟು ಬಿ ವೆರಿ ಶೈ ಆನ್ ದ ಫೋನ್’ ಅಂತ ಹೇಳಿ, ಈಗ ಅದಕ್ಕೆ ಏನು ಮಾಡುತ್ತಿದ್ದೀರಿ ಅಂತ ಸೇರಿಸಿ.

ಬೇರೆಯವರ ಬಗ್ಗೆ ಹೇಳುವಾಗಲೂ ಹೀಗೇ. ಫೀಲ್ಡ್ ಮಾರ್ಷಲ್ ಕಾರಿಯಪ್ಪ ಎಂಥವರು ಅಂತ ಅತಿಥಿಗಳು ಕೇಳುತ್ತಾರೆ. ‘ಹಿ ವಾಸ್ ಪ್ರಿನ್ಸಿಪಲ್ಡ್’ ಅಂತ ಒಂದು ಪದ ಹೇಳಿ ಸುಮ್ಮನಾದರೆ ಅವರ ಕಿವಿಗೆ ಹೋಗುವುದಿಲ್ಲ. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಸ್ವಾತಂತ್ರ್ಯಕ್ಕೆ ಮುಂಚಿನ ಸೇನೆಯಲ್ಲಿ ಕಾರಿಯಪ್ಪನವರ ಕೈಕೆಳಗೆ ಇದ್ದವರು. ಆದರೂ ಮಗನಿಗೆ ವಿಶೇಷ ಉಪಚಾರ ಬೇಡ, ಸೆರೆಯಲ್ಲಿರುವ ಎಲ್ಲಾ ಸೈನಿಕರೂ ನನ್ನ ಮಕ್ಕಳೇ ಅಂದರಂತೆ. ಇದನ್ನು ಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ಊಟದ ಮೇಜು ನಿಶ್ಶಬ್ದ ಆಗುತ್ತದೆ. ‘ಪ್ರಿನ್ಸಿಪಲ್ಡ್’ ಪದ ಕೊನೆಗೆ ಬಂದರೂ ನಡೆಯುತ್ತದೆ.

ದಿನಾ ಮಾಡುವುದು

ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ವಾಕ್ಯ. ಇವತ್ತು ನನಗೆ ಏನಾಯಿತು, ಯಾಕೆ ಆಯಿತು, ಇವತ್ತು ಕಂಡ ಒಬ್ಬರು ಎಂಥವರು. ಮೊದಲೆರಡರಲ್ಲಿ ‘ಬಿಕಾಸ್’ ಇರಲಿ, ಮೂರನೆಯದರಲ್ಲಿ ಒಂದು ಘಟನೆ ಇರಲಿ. ಹ್ಯಾಪಿ, ಸ್ಯಾಡ್, ಗುಡ್, ಬ್ಯಾಡ್ ನಾಲ್ಕನ್ನೂ ಒಂದು ತಿಂಗಳು ಬರೆಯುವಂತಿಲ್ಲ. ಬರೆದದ್ದನ್ನು ಒಮ್ಮೆ ಜೋರಾಗಿ ಓದಿ, ಮನೆಯವರು ನಕ್ಕರೆ ನಗಲಿ.

ನಾನು ಹೀಗೆ ಜೋರಾಗಿ ಓದುವುದನ್ನು ನಮ್ಮ ಅಡುಗೆಯ ಅಕ್ಕ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ಕ್ರಿಸ್‌ಮಸ್ ವಾರ, ಮೂರೂ ರೂಮ್ ತುಂಬಿ, ಹೊರಗಿನಿಂದಲೂ ಊಟಕ್ಕೆ ಬರುತ್ತಿದ್ದರು. ರಾತ್ರಿ ಹತ್ತೂವರೆಗೆ ಒಬ್ಬ ಅತಿಥಿ ಅಡುಗೆಮನೆ ಬಾಗಿಲಿಗೆ ಬಂದು, ‘ಯು ಮಸ್ಟ್ ಬಿ ಟಯರ್ಡ್’ ಅಂದರು. ಅಕ್ಕ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅವರನ್ನೇ ನೋಡಿ ಹೇಳಿದರು: ‘ನೋ ಟಯರ್ಡ್. ಫೆಡ್ ಅಪ್.’